ಬಲಗೈ ಊದಿಕೊಂಡ ಮೇಲೆ ಲಿಂಫ್ ಅಂದರೇನು ಅಂತ ಗೊತ್ತಾಯಿತು

ಸ್ತನ ಕ್ಯಾನ್ಸರ್ ಬಗ್ಗೆ, ಕೀಮೋ ಬಗ್ಗೆ, ಕೂದಲು ಉದುರುವುದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಅದೆಲ್ಲ ಮುಗಿದು, ನೆಂಟರೆಲ್ಲ ‘ಅಂತೂ ಗೆದ್ದುಬಂದಳು’ ಅಂತ ಹೇಳಿ ತಂತಮ್ಮ ಕೆಲಸಕ್ಕೆ ಹೋದ ಮೇಲೆ ಕೈ ಊದಲು ಶುರುವಾಗುತ್ತದಲ್ಲ, ಅದರ ಬಗ್ಗೆ ಬರೆದವರು ಕಡಿಮೆ. ನನಗೆ ಆಗಿದ್ದು ಅದು. ಡಾಕ್ಟ್ರುಗಳು ಲಿಂಫೆಡಿಮಾ ಅನ್ನುತ್ತಾರೆ, ಅಂದರೆ ರಕ್ತದಿಂದ ಹೊರಗೆ ಜಿನುಗಿದ ಲಿಂಫ್ ಅನ್ನುವ ದ್ರವ ವಾಪಸ್ ಹೋಗಲಾಗದೆ ನಿಂತು ಬರುವ ಊತ.

ನಾನು ಕೊಡಗಿನ ಪೊನ್ನಂಪೇಟೆ ಕಡೆಯವಳು. ನಮ್ಮದು ಸಣ್ಣ ತೋಟ. ರೋಬಸ್ಟಾ ಕಾಪಿ, ನೆರಳಿನ ಮರಕ್ಕೆ ಹಬ್ಬಿಸಿದ ಕರಿಮೆಣಸು, ಮನೆ ಕೆಳಗೆ ಒಂದಿಷ್ಟು ಗದ್ದೆ. ಆಪರೇಷನ್ ಮೈಸೂರಿನಲ್ಲಿ ಆಯಿತು. ಬಲ ಎದೆಯ ಗಡ್ಡೆ ತೆಗೆಯುವಾಗ ಬಲ ಕಂಕುಳಿನ ಲಿಂಫ್ ಗಂಟುಗಳನ್ನೂ ತೆಗೆದರು, ಕ್ಯಾನ್ಸರ್ ಅಲ್ಲಿಗೂ ಹೋಗಿತ್ತು. ಆಮೇಲೆ ಅದೇ ಜಾಗಕ್ಕೆ ರೇಡಿಯೇಷನ್. ಕಂಕುಳಿನ ಗಂಟುಗಳನ್ನು ಹೀಗೆ ಪೂರ್ತಿ ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಕೈ ಊದುತ್ತದೆ. ಈಗ ಬೇರೆ ಪದ್ಧತಿಯೂ ಇದೆ. ಗಡ್ಡೆಯ ಜಾಗದಿಂದ ಲಿಂಫ್ ಮೊದಲು ಯಾವ ಗಂಟಿಗೆ ಹೋಗುತ್ತದೆ ಅಂತ ನೀಲಿ ಬಣ್ಣ ಚುಚ್ಚಿ ಹುಡುಕಿ, ಅಂಥ ಒಂದೆರಡನ್ನು ಮಾತ್ರ ತೆಗೆದು ಪರೀಕ್ಷೆ ಮಾಡುತ್ತಾರೆ, ಅಲ್ಲಿ ರೋಗ ಇಲ್ಲದಿದ್ದರೆ ಉಳಿದವನ್ನು ಮುಟ್ಟುವುದೇ ಇಲ್ಲ. 1990ರ ದಶಕದಲ್ಲಿ ಬಂದ ಈ ಪದ್ಧತಿಯಿಂದ ಎಷ್ಟೋ ಹೆಂಗಸರ ಕೈ ಉಳಿದಿದೆ. ನನ್ನ ವಿಷಯದಲ್ಲಿ ಅದು ಆಗುವಂತಿರಲಿಲ್ಲ.

ಮೊದಲು ಗೊತ್ತಾಗಿದ್ದು ಬಳೆಯಿಂದ. ಕಾಪಿ ಕೊಯ್ಲು ಮುಗಿಯುತ್ತಾ ಬಂದಿತ್ತು. ಬೆಳಿಗ್ಗೆ ಸಡಿಲ ಇರುತ್ತಿದ್ದ ಬಳೆ ಸಂಜೆ ಹೊತ್ತಿಗೆ ಮಣಿಕಟ್ಟಿನಲ್ಲಿ ಅಲ್ಲಾಡುತ್ತಿರಲಿಲ್ಲ. ನೋವೇನೂ ಇಲ್ಲ, ಕೈ ಭಾರ ಅಷ್ಟೆ. ಮೊಣಕೈ ಕೆಳಗೆ ಹೆಬ್ಬೆರಳಿನಲ್ಲಿ ಸ್ವಲ್ಪ ಹೊತ್ತು ಒತ್ತಿ ಬಿಟ್ಟರೆ ಗುಳಿ ಬೀಳುತ್ತಿತ್ತು, ಅದು ತುಂಬಿಕೊಳ್ಳಲು ಸಮಯ ಬೇಕು. ಎಡಗೈಯಲ್ಲಿ ಹಾಗೆ ಮಾಡಿದರೆ ಏನೂ ಇಲ್ಲ.

ಸಲಹೆಗಳಿಗೆ ಬರ ಇರಲಿಲ್ಲ. ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕು ಅಂತ ಒಬ್ಬರು. ಉಪ್ಪು ಬಿಡು ಅಂತ ಇನ್ನೊಬ್ಬರು. ತೋಟದ ಕೆಲಸಕ್ಕೆ ಬರುವ ಹೆಂಗಸೊಬ್ಬಳು ‘ಅಮ್ಮಾ, ಇದು ಕೈಗೆ ಬಂದ ಆನೆಕಾಲು ಅಲ್ವಾ’ ಅಂದಳು. ನಕ್ಕೆ, ಆದರೆ ಅವಳು ಹೇಳಿದ್ದರಲ್ಲಿ ಅರ್ಥ ಇತ್ತು. ದಕ್ಷಿಣ ಕನ್ನಡ, ಉಡುಪಿ ಕಡೆ ಕಂಡುಬರುವ ಆನೆಕಾಲು ರೋಗದಲ್ಲಿ ಸೊಳ್ಳೆಯಿಂದ ಬಂದ ಹುಳ ಲಿಂಫ್ ನಾಳದೊಳಗೇ ಮನೆ ಮಾಡಿ ಅದನ್ನು ಹಾಳು ಮಾಡುತ್ತದೆ. ನನ್ನದರಲ್ಲಿ ಆಪರೇಷನ್ ಮತ್ತು ರೇಡಿಯೇಷನ್. ಕಾರಣ ಬೇರೆ, ಕೆಟ್ಟಿದ್ದು ಅದೇ ನಾಳ.

ಒಬ್ಬ ಡಾಕ್ಟ್ರು ನೀರು ಇಳಿಯುವ ಮಾತ್ರೆ ಬರೆದುಕೊಟ್ಟರು. ರಾತ್ರಿಯೆಲ್ಲ ಬಾತ್‌ರೂಮಿಗೆ ಓಡಾಡಿದ್ದು ಬಿಟ್ಟರೆ ಕೈಗೆ ಏನೂ ಆಗಲಿಲ್ಲ. ಯಾಕೆ ಅಂತ ಆಮೇಲೆ ತಿಳಿಯಿತು. ಕೈಯಲ್ಲಿ ನಿಂತಿದ್ದು ಬರೀ ನೀರಲ್ಲ, ಪ್ರೋಟೀನ್ ತುಂಬಿದ ದ್ರವ. ಮಾತ್ರೆ ನೀರನ್ನು ಎಳೆಯುತ್ತದೆ, ಪ್ರೋಟೀನ್ ಅಲ್ಲೇ ಉಳಿಯುತ್ತದೆ, ಉಳಿದ ಪ್ರೋಟೀನ್ ಮತ್ತೆ ನೀರನ್ನು ಕರೆದುಕೊಳ್ಳುತ್ತದೆ. ಹೀಗೇ ಬಿಟ್ಟರೆ ವರ್ಷ ಕಳೆದಂತೆ ಅಲ್ಲಿ ಕೊಬ್ಬು ಸೇರುತ್ತದೆ, ನಾರು ಕಟ್ಟುತ್ತದೆ, ಚರ್ಮ ದಪ್ಪ ಆಗುತ್ತದೆ. ಆಮೇಲೆ ಒತ್ತಿದರೆ ಗುಳಿಯೂ ಬೀಳುವುದಿಲ್ಲ.

ಕೊನೆಗೆ ಆಪರೇಷನ್ ಮಾಡಿದ ಡಾಕ್ಟ್ರೇ, ಲಿಂಫೆಡಿಮಾಗೆ ಅಂತ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಕಳಿಸಿದರು. ನಮ್ಮ ಕಡೆ ಅಂಥವರು ಸಿಗುವುದು ಕಷ್ಟ. ತಿತಿಮತಿ, ಆನೆಚೌಕೂರು, ಹುಣಸೂರು ದಾಟಿ ಮೈಸೂರಿಗೇ ಹೋಗಬೇಕು. ದಿನಾ ಪಟ್ಟಿ ಕಟ್ಟುವ ಹಂತದಲ್ಲಿ ಓಡಾಟ ಆಗುವ ಮಾತಲ್ಲ, ಹಾಗಾಗಿ ಚಿಕ್ಕಮ್ಮನ ಮಗಳ ಮನೆಯಲ್ಲಿ ಉಳಿದೆ.

ಆ ಫಿಸಿಯೋಥೆರಪಿಸ್ಟ್ ಹುಡುಗಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಮೊದಲ ದಿನ ಕೈ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ಮನುಷ್ಯನ ಚಿತ್ರ ಬರೆದು, ಕುತ್ತಿಗೆಯಿಂದ ಸೊಂಟದವರೆಗೆ ನಡುವೆ ಗೆರೆ ಎಳೆದು, ಬಲಗೈ, ಬಲ ಎದೆ, ತಲೆ ಕುತ್ತಿಗೆಯ ಬಲ ಅರ್ಧ ಇಷ್ಟಕ್ಕೆ ಹಸಿರು ಬಣ್ಣ, ಉಳಿದದ್ದಕ್ಕೆಲ್ಲ ಕೆಂಪು ಬಣ್ಣ ಹಚ್ಚಿದಳು.

‘ಅಕ್ಕಾ, ಹಸಿರಿನ ಲಿಂಫ್ ಎಲ್ಲ ಬಲಗಡೆ ಒಂದು ಗಿಡ್ಡ ನಾಳಕ್ಕೆ ಬಂದು ಅಲ್ಲಿಂದ ಬಲ ಕೊರಳ ಬುಡದ ರಕ್ತನಾಳಕ್ಕೆ ಬೀಳುತ್ತೆ. ಎರಡು ಕಾಲು, ಹೊಟ್ಟೆ, ಎಡಗೈ, ಎಡ ತಲೆ ಎಲ್ಲದರದ್ದು ಎಡಗಡೆ ಬೀಳುತ್ತೆ. ನಿಮ್ಮ ಹಸಿರಿನ ದಾರಿ ಕಂಕುಳಲ್ಲಿ ಮುಚ್ಚಿದೆ. ನಾವು ಈ ಗೆರೆ ದಾಟಿಸಿ ಕೆಂಪಿನ ಕಡೆಗೆ ಕಳಿಸಬೇಕು.’

ನನಗೆ ಪೂರ್ತಿ ಅರ್ಥವಾಗಲು ದಿನ ಹಿಡಿಯಿತು. ಅವಳನ್ನು ಕೇಳಿ, ಓದಿ, ಮತ್ತೆ ಕೇಳಿ ನಾನು ತಿಳಿದುಕೊಂಡಿದ್ದನ್ನು ಹೇಳುತ್ತೇನೆ.

ರಕ್ತ ಸಣ್ಣ ಸಣ್ಣ ಲೋಮನಾಳಗಳಲ್ಲಿ ಹರಿಯುವಾಗ ಅದರ ದ್ರವ ಸ್ವಲ್ಪ ಸ್ವಲ್ಪ ಹೊರಗೆ ಜಿನುಗುತ್ತಲೇ ಇರುತ್ತದೆ. ಜೀವಕೋಶಗಳಿಗೆ ಊಟ ತಲುಪುವುದೇ ಹಾಗೆ. ಹೀಗೆ ಹೊರಗೆ ಉಳಿದ ದ್ರವ ಮತ್ತು ಪ್ರೋಟೀನ್ ರಕ್ತಕ್ಕೆ ವಾಪಸ್ ಹೋಗಬೇಕಲ್ಲ, ಆ ಕೆಲಸ ಲಿಂಫ್ ನಾಳಗಳದ್ದು. ಪಠ್ಯಪುಸ್ತಕದ ಲೆಕ್ಕದಲ್ಲಿ ದಿನಕ್ಕೆ ಸುಮಾರು 3 ಲೀಟರ್. ಕಾಪಿ ತೋಟದವರಿಗೆ ಇದನ್ನು ಬಸಿಗಾಲುವೆ ಅಂದರೆ ಸಾಕು: ಮಳೆಗಾಲದಲ್ಲಿ ಅದೊಂದು ಕಟ್ಟಿಕೊಂಡರೆ ಗಿಡದ ಬುಡಕ್ಕೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಈ ನಾಳಗಳ ಶುರು ತುಂಬಾ ಚೆನ್ನಾಗಿದೆ. ಚರ್ಮದ ಕೆಳಗೆ ಮುಚ್ಚಿದ ತುದಿಯಿಂದಲೇ ಹುಟ್ಟುತ್ತವೆ. ಗೋಡೆ ಅಂದರೆ ಒಂದೇ ಪದರ ಜೀವಕೋಶ, ಅವೂ ಒಂದರ ಮೇಲೊಂದು ಅಂಚು ಚಾಚಿ ಕೂತಿರುತ್ತವೆ. ಅವುಗಳಿಗೆ ಹೊರಗಿನಿಂದ ಸಣ್ಣ ಎಳೆಗಳು ಕಟ್ಟಿಕೊಂಡಿರುತ್ತವೆ. ಸುತ್ತ ದ್ರವ ಜಾಸ್ತಿಯಾಗಿ ಮಾಂಸ ಉಬ್ಬಿದಾಗ ಎಳೆಗಳು ಬಿಗಿದು ಅಂಚು ತೆರೆದುಕೊಳ್ಳುತ್ತದೆ, ದ್ರವ ಒಳಗೆ ಹೋಗುತ್ತದೆ. ಒಳಗಿನ ಒತ್ತಡ ಏರಿದರೆ ಅಂಚು ತಾನೇ ಮುಚ್ಚುತ್ತದೆ. ಚರ್ಮವನ್ನು ಹಗುರಾಗಿ ಹಿಗ್ಗಿಸಿದರೂ ಸಾಕು, ತೆರೆಯುತ್ತದೆ. ಮಸಾಜ್ ಯಾಕೆ ಅಷ್ಟು ಮೆಲ್ಲಗೆ ಮಾಡುತ್ತಾರೆ ಅಂತ ನನಗೆ ಗೊತ್ತಾಗಿದ್ದು ಇದನ್ನು ಓದಿದ ಮೇಲೆ.

ಮುಂದೆ ನಾಳ ದಪ್ಪ ಆಗುತ್ತದೆ, ಒಳಗೆ ಒಂದೇ ದಿಕ್ಕಿಗೆ ತೆರೆಯುವ ಕವಾಟಗಳು ಬರುತ್ತವೆ. ರಕ್ತಕ್ಕೆ ಹೃದಯ ಇದೆ, ಇದಕ್ಕೆ ಅಂಥದ್ದೊಂದು ಇಲ್ಲ. ನಾಳದ ಗೋಡೆಯೇ ನಿಮಿಷಕ್ಕೆ ಕೆಲವು ಸಲ ಹಿಂಡುತ್ತದೆ, ಅದರ ಜೊತೆಗೆ ಕೈಕಾಲಿನ ಸ್ನಾಯು ಆಡಬೇಕು, ಉಸಿರು ಆಳವಾಗಿ ಎಳೆದುಬಿಡಬೇಕು. ಸುಮ್ನೆ ಕೂತರೆ ಇದೂ ನಿಧಾನ.

ದಾರಿಯಲ್ಲಿ ಗಂಟುಗಳು ಸಿಗುತ್ತವೆ. ಇಡೀ ದೇಹದಲ್ಲಿ ಸುಮಾರು 600 ಅನ್ನುತ್ತಾರೆ, ಒಂದೊಂದು ಕಂಕುಳಲ್ಲೇ ಇಪ್ಪತ್ತು ಮೂವತ್ತು. ಕಾಲಿಗೆ ಕತ್ತಿ ತಾಗಿ ಕೀವು ಕಟ್ಟಿದಾಗ ತೊಡೆಸಂದಿಯಲ್ಲಿ ಗೆಡ್ಡೆ ಕಟ್ಟುತ್ತದಲ್ಲ, ಅದು ಇದೇ. ನಾವು ಅದನ್ನು ರೋಗ ಅಂತ ನೋಡುತ್ತೇವೆ, ನಿಜವಾಗಿ ಅಲ್ಲಿ ಕೆಲಸ ನಡೆಯುತ್ತಿರುತ್ತದೆ. ಚರ್ಮದಲ್ಲಿ ಡೆಂಡ್ರಿಟಿಕ್ ಅಂತ ಒಂದು ಜಾತಿಯ ಕೋಶಗಳಿವೆ. ಗಾಯದಲ್ಲಿ ಹೊಕ್ಕ ಕ್ರಿಮಿಯನ್ನು ಹಿಡಿದು, ಚೂರು ಮಾಡಿ, ಆ ಚೂರನ್ನು ಹೊತ್ತುಕೊಂಡು ಲಿಂಫ್ ನಾಳದಲ್ಲಿ ಗಂಟಿಗೆ ಬರುತ್ತವೆ. ಗಂಟಿನ ಹೊರ ಪದರದಲ್ಲಿ ಬಿ ಕೋಶಗಳ ಗುಂಪು, ಅದರ ಒಳಗಿನ ಪದರದಲ್ಲಿ ಟಿ ಕೋಶಗಳು, ಎರಡೂ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು. ಡೆಂಡ್ರಿಟಿಕ್ ಕೋಶಗಳು ಕ್ರಿಮಿಯ ಚೂರನ್ನು ಒಂದಾದ ಮೇಲೆ ಒಂದು ಟಿ ಕೋಶಕ್ಕೆ ತೋರಿಸುತ್ತಾ ಹೋಗುತ್ತವೆ. ಹೆಚ್ಚಿನವಕ್ಕೆ ಅದು ಹೊಂದುವುದಿಲ್ಲ. ಹೊಂದಿದ್ದು ಸಿಕ್ಕಿತೋ, ಅದು ಒಂದಕ್ಕೆ ಹತ್ತಾಗಿ, ಸಾವಿರವಾಗಿ ಬೆಳೆಯುತ್ತದೆ. ಅದರ ಸಹಾಯದಿಂದ ಬಿ ಕೋಶಗಳು ಆಂಟಿಬಾಡಿ ಮಾಡಲು ಶುರು ಮಾಡುತ್ತವೆ. ಗಂಟು ದೊಡ್ಡದಾಗುವುದು, ನೋಯುವುದು ಈ ಗಲಾಟೆಗೆ. ಕೆಲವು ಕೋಶಗಳು ನೆನಪು ಇಟ್ಟುಕೊಂಡು ವರ್ಷಗಟ್ಟಲೆ ಉಳಿಯುತ್ತವೆ. ಲಸಿಕೆ ಕೆಲಸ ಮಾಡುವುದೂ ಹೀಗೇ.

ಇದೇ ದಾರಿಯನ್ನು ಕ್ಯಾನ್ಸರ್ ಕೋಶವೂ ಹಿಡಿಯುತ್ತದೆ. ಅದಕ್ಕೇ ನನ್ನ ಗಂಟುಗಳು ಹೋದವು. ಆದರೆ ಅವುಗಳ ಜೊತೆಗೆ ಆ ಕೈಯ ಕ್ರಿಮಿಗಳ ಸುದ್ದಿ ತಲುಪುವ ಜಾಗವೂ ಹೋಯಿತು ಅನ್ನುವುದನ್ನು ಆಪರೇಷನ್ ಹೊತ್ತಿನಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ.

ಈಗ ಚಿಕಿತ್ಸೆಗೆ ಬರುತ್ತೇನೆ. ಮೊದಲು ಅಳತೆ. ಎರಡೂ ಕೈಯಲ್ಲಿ ಮಣಿಕಟ್ಟಿನಿಂದ ಕಂಕುಳಿನವರೆಗೆ ಪೆನ್ನಿನಲ್ಲಿ ಸಮದೂರದ ಗುರುತು ಹಾಕಿ ಟೇಪ್ ಸುತ್ತಿ ಬರೆದುಕೊಂಡಳು. ಒಂದೇ ಜಾಗದಲ್ಲಿ ಎರಡು ಕೈಗೂ 2 ಸೆಂಟಿಮೀಟರ್ ವ್ಯತ್ಯಾಸ ಇದ್ದರೆ ಊತ ಅಂತಲೇ ಲೆಕ್ಕ. ನನ್ನದು ಮೊಣಕೈ ಕೆಳಗೆ ಅದನ್ನು ದಾಟಿತ್ತು. ಮಧ್ಯದ ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಿ ನೋಡಿದಳು, ಎದ್ದು ಬಂತು. ‘ಬಂತಲ್ಲ, ಒಳ್ಳೇದು, ಇನ್ನೂ ಗಟ್ಟಿ ಆಗಿಲ್ಲ’ ಅಂದಳು.

ಆಮೇಲೆ ಮಸಾಜ್. ನಾನು ಅಂದುಕೊಂಡಿದ್ದು ಕೈ ತಿಕ್ಕುತ್ತಾಳೆ ಅಂತ. ಅವಳು ಕೈ ಹತ್ತಿರ ಬರಲೇ ಇಲ್ಲ! ಮೊದಲು ಕುತ್ತಿಗೆಯ ಬುಡ, ಕಾಲರ್ ಮೂಳೆಯ ಮೇಲಿನ ಗುಳಿ. ಬೆರಳು ಇಟ್ಟು ಚರ್ಮವನ್ನು ಮಾತ್ರ ಮೆಲ್ಲಗೆ ಎಳೆದು ಬಿಡುವುದು, ಎಣ್ಣೆಯೂ ಇಲ್ಲ ಏನೂ ಇಲ್ಲ. ಆಮೇಲೆ ಎಡ ಕಂಕುಳು. ಆಮೇಲೆ ಬಲ ತೊಡೆಸಂದಿ. ನೀರು ಹೋಗಿ ಸೇರಬೇಕಾದ ಜಾಗವನ್ನು ಮೊದಲು ಖಾಲಿ ಮಾಡಬೇಕು, ಇಲ್ಲದಿದ್ದರೆ ತಳ್ಳಿದ್ದು ಎಲ್ಲಿಗೆ ಹೋಗಬೇಕು? ನಂತರ ಎದೆಯ ಮೇಲೆ ಬಲದಿಂದ ಎಡಕ್ಕೆ, ಪಕ್ಕೆಯಿಂದ ಕೆಳಗೆ ತೊಡೆಸಂದಿಯ ಕಡೆಗೆ. ಆಮೇಲೆ ತೋಳಿನ ಮೇಲ್ಭಾಗ, ಕೊನೆಗೆ ಮುಂಗೈ, ಬೆರಳು. ಕಲಿತ ಮೇಲೆ ಮನೆಯಲ್ಲಿ ನಾನೇ ಮಾಡಿಕೊಳ್ಳುತ್ತೇನೆ. 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೋಡರ್ ಶುರು ಮಾಡಿದ ವಿಧಾನ ಇದು. ಮಸಾಜ್ ಒಂದರಿಂದಲೇ ಕೈ ಇಳಿಯುತ್ತದೆ ಅಂತ ನನಗೆ ಅನ್ನಿಸಿಲ್ಲ. ಇಳಿಸಿದ್ದು ಪಟ್ಟಿ.

ಪಟ್ಟಿ ಕಟ್ಟುವುದನ್ನು ನೋಡಬೇಕು. ಮೊದಲು ಕೈಗೆಲ್ಲ ಹತ್ತಿಯ ತೆಳು ಕೊಳವೆ ಬಟ್ಟೆ. ಪ್ರತಿ ಬೆರಳಿಗೂ ಬೇರೆ ಬೇರೆ ಗಾಜ್ ಸುತ್ತು, ಉಗುರು ಮಾತ್ರ ಹೊರಗೆ. ಅದರ ಮೇಲೆ ಮೆತ್ತನೆ ಹತ್ತಿ ಸುರುಳಿ, ಮೊಣಕೈ ಮಡಿಕೆಗೆ ಸ್ಪಾಂಜಿನ ತುಂಡು. ಆಮೇಲೆ ಅಸಲಿ ಪಟ್ಟಿ, ಅಂಗೈಯಿಂದ ಶುರು ಮಾಡಿ ಕಂಕುಳಿನವರೆಗೆ ಒಂದರ ಮೇಲೊಂದು. ಕೆಳಗೆ ಬಿಗಿ, ಮೇಲಕ್ಕೆ ಹೋದಂತೆ ಸಡಿಲ. ಇದು ಮೆಡಿಕಲ್ ಶಾಪಿನಲ್ಲಿ ಉಳುಕಿಗೆ ಕೊಡುವ ಕ್ರೇಪ್ ಬ್ಯಾಂಡೇಜ್ ಅಲ್ಲ. ಇದು ತುಂಬಾ ಕಡಿಮೆ ಹಿಗ್ಗುತ್ತದೆ. ಕೈ ಸುಮ್ಮನಿದ್ದಾಗ ಅಷ್ಟಾಗಿ ಒತ್ತುವುದಿಲ್ಲ, ಮುಷ್ಟಿ ಹಿಡಿದು ಬಿಟ್ಟಾಗ ಸ್ನಾಯು ಉಬ್ಬಿ ಗಟ್ಟಿ ಪಟ್ಟಿಗೆ ತಾಗುತ್ತದೆ, ನಡುವೆ ಸಿಕ್ಕ ಲಿಂಫ್ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಪಟ್ಟಿ ಕಟ್ಟಿಕೊಂಡು ಮಲಗಿಬಿಟ್ಟರೆ ಅರ್ಧ ಲಾಭ ಹೋಯಿತು. ನಾನು ಅದೇ ಕೈಯಲ್ಲಿ ಚಿಕ್ಕಮ್ಮನ ಮಗಳಿಗೆ ತರಕಾರಿ ಹೆಚ್ಚಿ ಕೊಡುತ್ತಿದ್ದೆ. ಊಟ ಮಾತ್ರ ಚಮಚದಲ್ಲಿ. ಹಗಲೂ ರಾತ್ರಿ ಅದು ಕೈಮೇಲೆ, ಮಾರನೆಯ ದಿನ ಬಿಚ್ಚಿ, ತೊಳೆದು, ಮಸಾಜ್ ಮಾಡಿ, ಮತ್ತೆ ಕಟ್ಟುವುದು. ಮೈಸೂರಿನ ಸೆಕೆಯಲ್ಲಿ ತುರಿಕೆ ತಡೆಯಲಾಗುತ್ತಿರಲಿಲ್ಲ. ಆದರೆ ಮೊದಲ ವಾರ ಮುಗಿಯುವಾಗಲೇ ಟೇಪ್ ಸುಳ್ಳು ಹೇಳಲಿಲ್ಲ, ಮುಂಗೈಯಲ್ಲಿ ಮೂಳೆ ಕಾಣಿಸಿತು.

ಊಟದ ವಿಷಯ ಬಂತಲ್ಲ, ಒಂದು ಸಂಗತಿ ಹೇಳಿಬಿಡುತ್ತೇನೆ. ನಾವು ತಿಂದ ಪಂದಿ ಕರಿಯ ಕೊಬ್ಬು ಕರುಳಿನಿಂದ ನೇರ ರಕ್ತಕ್ಕೆ ಹೋಗುವುದಿಲ್ಲ. ಹೆಚ್ಚಿನ ಪಾಲು ಸಣ್ಣ ಕರುಳಿನ ಲಿಂಫ್ ನಾಳ ಸೇರಿ, ಹೊಟ್ಟೆಯ ಹಿಂಭಾಗದಲ್ಲಿ ಬೆನ್ನುಮೂಳೆ ಮುಂದಿರುವ ಒಂದು ಚೀಲಕ್ಕೆ ಬಂದು, ಅಲ್ಲಿಂದ ಎದೆಯೊಳಗೆ ಸುಮಾರು 40 ಸೆಂಟಿಮೀಟರ್ ಉದ್ದದ ದೊಡ್ಡ ನಾಳದಲ್ಲಿ ಮೇಲೇರಿ, ಎಡ ಕೊರಳ ಬುಡದಲ್ಲಿ ರಕ್ತಕ್ಕೆ ಸೇರುತ್ತದೆ. ಒಳ್ಳೆ ಊಟವಾದ ಮೇಲೆ ಅಲ್ಲಿನ ಲಿಂಫ್ ಬೆಳ್ಳಗೆ ಹಾಲಿನ ಬಣ್ಣ. ಇಟಲಿಯ ಗಾಸ್ಪಾರೆ ಅಸೆಲ್ಲಿ 1622ರಲ್ಲಿ ಹೊಟ್ಟೆ ತುಂಬಾ ತಿಂದ ನಾಯಿಯನ್ನು ಕೊಯ್ದಾಗ ಕರುಳಿನ ಸುತ್ತ ಬಿಳಿ ಎಳೆಗಳನ್ನು ಕಂಡಿದ್ದು ಹೀಗೆ. ಉಪವಾಸದ ನಾಯಿಯಾಗಿದ್ದರೆ ಅವನಿಗೆ ಏನೂ ಕಾಣುತ್ತಿರಲಿಲ್ಲ. ಮೆದುಳಿನ ಪೊರೆಯಲ್ಲೂ ಲಿಂಫ್ ನಾಳ ಇದೆ ಅಂತ ಸರಿಯಾಗಿ ತೋರಿಸಿದ್ದಂತೂ 2015ರಲ್ಲಿ! ಹೃದಯದ ಬಗ್ಗೆ ಶಾಲೆಯಲ್ಲಿ ಅಷ್ಟು ಓದುತ್ತೇವೆ, ಇದರ ಬಗ್ಗೆ ಒಂದು ಪ್ಯಾರಾ ಸಿಕ್ಕರೆ ಹೆಚ್ಚು.

ಊರಿಗೆ ಬಂದ ಮೇಲೆ ಪಟ್ಟಿಯ ಬದಲು ಅಳತೆ ಕೊಟ್ಟು ಹೊಲಿಸಿದ ತೋಳು, ಕಂಪ್ರೆಷನ್ ಸ್ಲೀವ್. ಬೆಳಿಗ್ಗೆ ಹಾಕಿ ರಾತ್ರಿ ತೆಗೆಯುವುದು. ಇಲ್ಲಿ ಕೊಡಗಿನವರಿಗೆ ಮಾತ್ರ ಅರ್ಥವಾಗುವ ಒಂದು ಕಷ್ಟ ಇದೆ: ಕಕ್ಕಡದಲ್ಲಿ, ಅಂದರೆ ಜುಲೈ ಆಗಸ್ಟ್ ನಡುವಿನ ನಮ್ಮ ಜಡಿಮಳೆಯ ತಿಂಗಳಲ್ಲಿ, ಸ್ಲೀವ್ ಒಣಗುವುದಿಲ್ಲ. ನಮ್ಮ ಬಟ್ಟೆ ಎಲ್ಲ ಬಚ್ಚಲೊಲೆ ಮೇಲಿನ ಹಗ್ಗದಲ್ಲಿ ಹೊಗೆ ಕುಡಿದು ಒಣಗುವುದು. ಸ್ಲೀವನ್ನು ಆ ಬಿಸಿಗೆ ಹಾಕಿದರೆ ಎಲಾಸ್ಟಿಕ್ ಸತ್ತುಹೋಗುತ್ತದೆ. ಹಸಿ ಸ್ಲೀವ್ ಹಾಕಿಕೊಂಡರೆ ಬೆರಳಸಂದಿಯಲ್ಲಿ ಬೂಸು. ಎರಡು ಸ್ಲೀವ್ ಬೇಕೇ ಬೇಕು. ಟವೆಲ್‌ನಲ್ಲಿ ಸುತ್ತಿ ಹಿಂಡಿ ಫ್ಯಾನ್ ಕೆಳಗೆ ಹರಡುತ್ತೇನೆ, ಕರೆಂಟ್ ಇದ್ದರೆ. ಆರು ತಿಂಗಳಿಗೊಮ್ಮೆ ಹೊಸದು ತೆಗೆದುಕೊಳ್ಳಿ ಅನ್ನುತ್ತಾರೆ, ಬೆಲೆ ಕಡಿಮೆ ಏನಲ್ಲ. ನಮ್ಮನೆಯವರು ಮೆಣಸು ಮಾರಿದ ದುಡ್ಡಿನಲ್ಲಿ ಮೊದಲು ಅದನ್ನೇ ತೆಗೆದಿಡುತ್ತಾರೆ. ಕಕ್ಕಡ ಹದಿನೆಂಟಕ್ಕೆ ಅತ್ತೆ ಮದ್ದುಸೊಪ್ಪಿನ ಪಾಯಸ ಎರಡೆರಡು ಸಲ ಬಡಿಸಿ ‘ಇದರಲ್ಲಿ ಹದಿನೆಂಟು ಔಷಧಿ ಇದೆ, ಕೈಗೂ ಆಗುತ್ತೆ’ ಅಂದರು. ಪಾಯಸ ಚೆನ್ನಾಗಿತ್ತು. ಕೈ ಇದ್ದ ಹಾಗೇ ಇತ್ತು.

ಅದೇ ಮಳೆಗಾಲದಲ್ಲಿ ಬಂದಿದ್ದು ಸೋಂಕು. ಮನೆ ಹಿಂದಿನ ಕಿತ್ತಳೆ ಗಿಡದ ಮುಳ್ಳು ಬಲ ಅಂಗೈಯ ಹಿಂಭಾಗಕ್ಕೆ ಗೀರಿತ್ತು, ರಕ್ತವೂ ಬಂದಿರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಚಳಿ ಶುರುವಾಯಿತು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಸ್ಲೀವ್ ತೆಗೆದು ನೋಡಿದರೆ ಮೊಣಕೈವರೆಗೆ ಕೆಂಪು, ಮುಟ್ಟಿದರೆ ಸುಡುತ್ತಿತ್ತು. ಥೆರಪಿಸ್ಟ್ ಮೊದಲೇ ಹೇಳಿದ್ದಳು: ಜ್ವರದ ಜೊತೆ ಕೈ ಕೆಂಪಾದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ಮಳೆಯಲ್ಲೇ ಜೀಪ್ ತೆಗೆದು ಗೋಣಿಕೊಪ್ಪಕ್ಕೆ ಹೋದೆವು. ಎಡಗೈಗೆ ಡ್ರಿಪ್ ಹಾಕಿ ಆಂಟಿಬಯಾಟಿಕ್ ಕೊಟ್ಟರು, ಆಮೇಲೆ ಮಾತ್ರೆಯ ಪೂರ್ತಿ ಕೋರ್ಸ್.

ಒಂದು ಗೀರಿಗೆ ಇಷ್ಟೆಲ್ಲ ಯಾಕೆ? ಎಡಗೈಗೆ ಆಗಿದ್ದರೆ ನನಗೆ ನೆನಪೂ ಇರುತ್ತಿರಲಿಲ್ಲ. ಬಲಗೈಯಲ್ಲಿ ನಿಂತ ದ್ರವ ಕ್ರಿಮಿಗೆ ಒಳ್ಳೆ ಜಾಗ, ಅದನ್ನು ಹೊತ್ತೊಯ್ಯಬೇಕಾದ ಕೋಶಗಳಿಗೆ ದಾರಿ ಇಲ್ಲ, ತಲುಪಬೇಕಾದ ಗಂಟುಗಳೂ ಇಲ್ಲ. ರೋಗನಿರೋಧಕ ಶಕ್ತಿ ಇಡೀ ಮೈಗೆ ಒಂದೇ ಅಂತ ನಾನು ತಿಳಿದಿದ್ದೆ. ಹಾಗಲ್ಲ, ಒಂದು ಕೈಯಲ್ಲಿ ಮಾತ್ರ ಕಡಿಮೆ ಆಗಬಹುದು. ಅದೂ ಅಲ್ಲದೆ ಪ್ರತಿ ಸೋಂಕೂ ಉಳಿದ ನಾಳಗಳನ್ನು ಇನ್ನಷ್ಟು ಹಾಳು ಮಾಡುತ್ತದೆ, ಊತ ಜಾಸ್ತಿಯಾಗುತ್ತದೆ, ಜಾಸ್ತಿಯಾದರೆ ಮತ್ತೆ ಸೋಂಕು. ಅದಕ್ಕೇ ನನ್ನ ಪ್ರಕಾರ ಮಸಾಜ್‌ಗಿಂತ ಚರ್ಮದ ಕಾಳಜಿ ದೊಡ್ಡದು. ರಾತ್ರಿ ಕೈಗೆಲ್ಲ ಮಾಯಿಶ್ಚರೈಸರ್. ತೋಟಕ್ಕೆ ಇಳಿದರೆ ಗ್ಲೌಸ್. ಕಾಪಿ ಗಿಡದ ಕೆಂಜಿರುವೆ, ಜಿಗಣೆ, ಕತ್ತಿ, ಬೆಕ್ಕು, ಎಲ್ಲದರಿಂದ ಆ ಕೈ ದೂರ. ಗೀರಿದರೆ ಸೋಪು ನೀರಿನಲ್ಲಿ ತೊಳೆದು ಮುಲಾಮು ಹಚ್ಚಿಯೇ ಮುಂದಿನ ಕೆಲಸ.

ಆ ಕೈಯಲ್ಲಿ ಬಿಪಿ ನೋಡಿಸಬೇಡಿ, ಸೂಜಿ ಚುಚ್ಚಿಸಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಅದು ಅಂದುಕೊಂಡಷ್ಟು ತೊಂದರೆ ಮಾಡುವುದಿಲ್ಲ ಅಂತ ಈಚಿನ ಅಧ್ಯಯನಗಳು ಹೇಳುತ್ತವೆ. ಎಡಗೈ ಇರುವಾಗ ನಾನಂತೂ ಅದನ್ನೇ ಕೊಡುತ್ತೇನೆ. ‘ಭಾರ ಎತ್ತಲೇಬೇಡ’ ಅನ್ನುವ ಮಾತು ಮಾತ್ರ ನಿಜಕ್ಕೂ ಹಳೆಯದು. ಸ್ಲೀವ್ ಹಾಕಿ, ಹೇಳಿಕೊಡುವವರ ಮುಂದೆ, ಸಣ್ಣ ತೂಕದಿಂದ ಶುರು ಮಾಡಿ ಮೆಲ್ಲಗೆ ಏರಿಸುತ್ತಾ ಹೋದ ಹೆಂಗಸರ ಕೈ ಜಾಸ್ತಿ ಊದಲಿಲ್ಲ, ಊತ ಉಲ್ಬಣಿಸುವುದೂ ಅವರಲ್ಲಿ ಕಡಿಮೆ ಇತ್ತು ಅಂತ 2009ರಲ್ಲೇ ಅಮೆರಿಕದ ಒಂದು ಅಧ್ಯಯನ ತೋರಿಸಿತ್ತು. ನಾನು ನೀರು ತುಂಬಿದ ಅರ್ಧ ಲೀಟರ್ ಬಾಟಲಿಯಿಂದ ಶುರು ಮಾಡಿದೆ. ಈಗ ಕೊಯ್ಲಿನಲ್ಲಿ ಕಾಪಿ ಬಿಡಿಸುತ್ತೇನೆ, ಮಧ್ಯೆ ಮಧ್ಯೆ ಕೈ ಮೇಲೆತ್ತಿ ಮುಷ್ಟಿ ಆಡಿಸುತ್ತೇನೆ. ಮೂಟೆ ಹೊರುವುದಿಲ್ಲ, ಮೆಣಸಿನ ಏಣಿ ಹತ್ತುವುದಿಲ್ಲ.

ಹೋದ ಸಲ ಮೈಸೂರಿಗೆ ಹೋದಾಗ ಆಪರೇಷನ್ ಮಾತು ಬಂತು. ಹಸಿರಾಗಿ ಹೊಳೆಯುವ ಬಣ್ಣವನ್ನು ಕೈಗೆ ಚುಚ್ಚಿ, ವಿಶೇಷ ಕ್ಯಾಮೆರಾದಲ್ಲಿ ಇನ್ನೂ ಹರಿಯುತ್ತಿರುವ ಲಿಂಫ್ ನಾಳಗಳನ್ನು ಹುಡುಕಿ, ಒಂದು ಮಿಲಿಮೀಟರಿಗೂ ಸಣ್ಣದಾದ ಆ ನಾಳವನ್ನು ಸೂಕ್ಷ್ಮದರ್ಶಕದಡಿ ಪಕ್ಕದ ಸಣ್ಣ ರಕ್ತನಾಳಕ್ಕೆ ಹೊಲಿಯುತ್ತಾರೆ. ಕೊರಳವರೆಗೆ ಹೋಗಬೇಕಾದ ಲಿಂಫ್ ಕೈಯಲ್ಲೇ ರಕ್ತಕ್ಕೆ ಸೇರಿಬಿಡುತ್ತದೆ. ‘ಆಮೇಲೆ ಸ್ಲೀವ್ ಬೇಡವಾ ಡಾಕ್ಟ್ರೇ?’ ಅಂತ ಕೇಳಿದೆ. ‘ಕೆಲವರಿಗೆ ಬೇಡ, ಹೆಚ್ಚಿನವರಿಗೆ ಬೇಕಾಗುತ್ತೆ’ ಅಂದರು. ನಾರು ಕಟ್ಟುವ ಮೊದಲು ಮಾಡಿದರೆ ಫಲ ಜಾಸ್ತಿಯಂತೆ, ಹಾಗಾಗಿ ತೀರಾ ಮುಂದೂಡುವಂತೆಯೂ ಇಲ್ಲ. ಈ ವರ್ಷದ ಅಳತೆ ಹೀಗೇ ನಿಂತರೆ ಬೇಡ, ಏರಿದರೆ ಕೊಯ್ಲು ಮುಗಿಸಿಕೊಂಡು ಬರುತ್ತೇನೆ ಅಂತ ಹೇಳಿ ಬಂದಿದ್ದೇನೆ.